ಪಾಪರ್‌ನ ತಲೆ ಗಾಳದ ಮೇಲೆ ತಿರುಗುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನೇ ಫೋಮ್ ಕತ್ತರಿಸಿ ಪಾಪರ್ (ಮೀನು ಹಿಡಿಯಲು ನೀರಿನ ಮೇಲೆ ತೇಲಿಸುವ ಹುಸಿ ಎರೆ) ಕಟ್ಟಿದೆ. ನೋಡ್ಲಿಕ್ಕೆ ಚೆಂದ ಇತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಸ್ವಲ್ಪ ಹೊತ್ತು ಎಸೆದ ಮೇಲೆ ತಲೆ ಗಿರ್ರನೆ ತಿರುಗಲಿಕ್ಕೆ ಹತ್ತಿತು. ಯಾವ ಅಂಟು ಹಾಕಬೇಕು ಹೇಳ್ರಿ. (ಬಾಗಲಕೋಟೆಯ ಓದುಗರು)

ಅಂಟು ಬದಲಿಸಿದರೆ ಅಷ್ಟೇನೂ ಪ್ರಯೋಜನ ಇಲ್ಲ. ತಲೆ ಗಟ್ಟಿಯಾಗುವುದು ಅದನ್ನು ಕೂರಿಸುವ ಮೊದಲು ನೀವು ಗಾಳದ ಕಡ್ಡಿಗೆ, ಅಂದರೆ ಕೊಕ್ಕೆಯ ಉದ್ದನೆಯ ನೇರ ಭಾಗಕ್ಕೆ, ಏನು ಮಾಡಿದಿರಿ ಅನ್ನುವುದರ ಮೇಲೆ.

ಕಡ್ಡಿ ದುಂಡಗಿದೆ, ನುಣ್ಣಗೂ ಇದೆ. ದಾರ ಜಗ್ಗಿದಾಗಲೆಲ್ಲ ಪಾಪರ್ ತನ್ನ ತಗ್ಗು ಮುಖದಿಂದ ನೀರನ್ನು ಗುದ್ದುತ್ತದೆ. ಪಳಕ್ ಅನ್ನುವ ಸದ್ದು ಬರುವುದೇ ಅದರಿಂದ. ಆ ಪೆಟ್ಟು ಮುಖದ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಪ್ರತಿ ಸಲವೂ ತಲೆಯನ್ನು ಚೂರು ತಿರುಚುತ್ತದೆ. ಅಂಟು ಫೋಮನ್ನು ಬಿಡುವುದಿಲ್ಲ, ಆದರೆ ನುಣುಪು ಉಕ್ಕನ್ನು ಬಿಟ್ಟುಬಿಡುತ್ತದೆ. ಆಮೇಲೆ ಅಚ್ಚಿನ ಮೇಲಿನ ಬಂಡಿ ಗಾಲಿ ತರಹ ತಿರುಗುತ್ತಲೇ ಇರುತ್ತದೆ, ಅಲ್ವಾ?

ಪಾಪರ್‌ಗೆಂದೇ ಬರುವ ಗಾಳದ ಕಡ್ಡಿಯಲ್ಲಿ ಒಂದು ಗೂನು ಇರುತ್ತದೆ, ಅದು ಇದಕ್ಕಾಗಿಯೇ. ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದಿದ್ದರೆ ಸಾದಾ ಗಾಳವನ್ನು ಪಕ್ಕಡದಲ್ಲಿ ಹಿಡಿದು ಬಗ್ಗಿಸಬೇಡಿ. ಗಡಸು ಉಕ್ಕು, ಪಟ್ಟನೆ ಮುರಿಯುತ್ತದೆ. ಅದರ ಬದಲು ದಪ್ಪ ತಂಗೂಸಿಯ ಒಂದು ತುಂಡನ್ನು, ತಲೆ ಎಷ್ಟು ಉದ್ದವೋ ಅಷ್ಟೇ ಉದ್ದಕ್ಕೆ ಕತ್ತರಿಸಿ, ಕಡ್ಡಿಯ ಒಂದು ಮಗ್ಗುಲಿಗೆ ಇಟ್ಟು, ದಾರದಿಂದ ಆ ತುದಿಯಿಂದ ಈ ತುದಿಗೆ ಬಿಗಿಯಾಗಿ ಸುತ್ತಿ. ಈಗ ಕಡ್ಡಿ ದುಂಡಗಿಲ್ಲ. ಅದರ ಮೇಲೆ ಅಡ್ಡಾದಿಡ್ಡಿ ಇನ್ನೊಂದಿಷ್ಟು ಸುತ್ತು ಹಾಕಿ, ಬೆರಳಾಡಿಸಿದರೆ ಒರಟಾಗಿ ತಾಕಬೇಕು. ಬಾಲದ ಗರಿ ಮಾತ್ರ ಇದಕ್ಕೂ ಮೊದಲೇ ಕಟ್ಟಿರಬೇಕು. ಹುಂಜದ ಕುತ್ತಿಗೆಯ ಗರಿ ಸಾಕು, ಕೋಳಿ ಅಂಗಡಿಯಲ್ಲಿ ಕೇಳಿ ನೋಡಿ.

ಇನ್ನು ಫೋಮ್. ಜಾಸ್ತಿ ಜನ ನಟ್ಟನಡುವೆ ತೂತು ಕೊರೆದು ಗಾಳ ತೂರಿಸುತ್ತಾರೆ. ಬೇಡ. ಹೊಟ್ಟೆಯ ಕಡೆಯಿಂದ ಹೊಸ ಬ್ಲೇಡಿನಲ್ಲಿ ಒಂದು ಸೀಳು ಕೊಡಿ, ಕಡ್ಡಿ ಒಳಗೆ ಮುಳುಗುವಷ್ಟು ಆಳ ಇದ್ದರೆ ಆಯಿತು. ಆಳ ಜಾಸ್ತಿಯಾದರೆ ಗಾಳದ ಮೊನೆಗೂ ಫೋಮಿಗೂ ನಡುವೆ ಜಾಗವೇ ಉಳಿಯುವುದಿಲ್ಲ. ಮುರ್ರೆಲ್ (ಹಾವಿನಂಥ ತಲೆಯ ಬೇಟೆಗಾರ ಮೀನು) ಬಂದು ಹೊಡೆಯುತ್ತದೆ, ಮೊನೆ ಚುಚ್ಚುವುದಿಲ್ಲ. ಕಡ್ಡಿ ಕೆಳಗಿದ್ದರೆ ಭಾರವೂ ಕೆಳಗಿರುತ್ತದೆ, ಪಾಪರ್ ನೀರಿನ ಮೇಲೆ ಮಗುಚುವುದಿಲ್ಲ.

ಅಂಟಿನ ಬಗ್ಗೆ ಕೇಳಿದಿರಿ. ಫೆವಿಕ್ವಿಕ್ ತರಹದ್ದು ಎಷ್ಟು ಬೇಗ ಹಿಡಿಯುತ್ತದೆ ಅಂದರೆ ತಲೆ ನೆಟ್ಟಗೆ ಕೂರಿಸಲು ಪುರುಸೊತ್ತು ಕೊಡುವುದಿಲ್ಲ. ಥರ್ಮಾಕೋಲ್ ತಲೆಯಾಗಿದ್ದರೆ ಅದನ್ನು ತಿಂದೇ ಹಾಕುತ್ತದೆ. ಎರಡು ಟ್ಯೂಬ್ ಕಲಸುವ ಅರಾಲ್ಡೈಟ್ ಒಳ್ಳೆಯದು. ಸೀಳಿಗೂ ದಾರಕ್ಕೂ ಎರಡಕ್ಕೂ ಹಚ್ಚಿ, ಒತ್ತಿ, ಹೊಟ್ಟೆ ಮೇಲೆ ಮಾಡಿ ರಾತ್ರಿಯಿಡೀ ಬಿಡಿ, ಅಂಟು ಹೊರಗೆ ಇಳಿಯುವುದಿಲ್ಲ. ಗಾಳದ ಕಣ್ಣಿಗೆ ಅಂಟು ತುಂಬಿಕೊಂಡಿದ್ದರೆ ಒಣಗುವ ಮೊದಲೇ ಸೂಜಿಯಿಂದ ತೆಗೆಯಿರಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ಮುರ್ರೆಲ್ ಸುಮ್ನೆ ಕಚ್ಚುವ ಮೀನಲ್ಲ. ಗಾಳಿ ಕುಡಿಯಲು ಮೇಲೆ ಬರುವ ಮೀನು ಅದು, ಜೊಂಡಿನ ಅಂಚಿನಲ್ಲಿ ಹೊಂಚು ಹಾಕಿ ಹೊಡೆದು ಹೊರಳುತ್ತದೆ. ಅರೆಬರೆ ಕೂತ ತಲೆ ಆ ಹೊರಳಾಟಕ್ಕೆ ಕಿತ್ತು ಬರುತ್ತದೆ. ಹಾಗೇ, ನೀರಿನ ಮೇಲೆ ಕೆಂಪು ಕೆಂಪು ಮರಿಗಳ ಗುಂಪು ಕಂಡರೆ ದಯವಿಟ್ಟು ಅಲ್ಲಿ ಎಸೆಯಬೇಡಿ. ಕೆಳಗೆ ತಾಯಿ-ತಂದೆ ಕಾವಲಿರುತ್ತವೆ, ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನು ಮುಗಿಸಿಬಿಡುತ್ತವೆ.

ಬೆಳಿಗ್ಗೆ ಒಂದು ಕೈಯಲ್ಲಿ ಗಾಳದ ಬಾಗು, ಇನ್ನೊಂದರಲ್ಲಿ ತಲೆ ಹಿಡಿದು ಜೋರಾಗಿ ತಿರುಚಿ ನೋಡಿ. ಚೂರು ಅಲುಗಿದರೂ ಬಿಚ್ಚಿ, ದಾರದಿಂದ ಮತ್ತೆ ಶುರು ಮಾಡಿ.