ತೀರ್ವೆ ಕಟ್ಟಿದ ಮೇಲೂ ಪಂಚಾಯತು ಮತ್ತೆ ತೆರಿಗೆ ಕೇಳುವುದು ಯಾಕೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮಗೆ ಸ್ವಲ್ಪ ಅಡಕೆ ತೋಟ ಇದೆ. ಹಳೆಯ ಹೆಂಚಿನ ಮನೆಗೆ ತಾಗಿಸಿ ತಾರಸಿ ಮನೆ ಕಟ್ಟಿದ್ದೇವೆ. ವಿಲೇಜ್ ಆಫೀಸಿನಲ್ಲಿ ಪ್ರತಿ ವರ್ಷ ತೀರ್ವೆ ಕಟ್ಟುತ್ತೇನೆ, ರಶೀದಿಯೂ ಇದೆ. ಆದರೂ ಮನೆ ತೆರಿಗೆ ಬಾಕಿ ಇದೆ ಅಂತ ಪಂಚಾಯತಿನಿಂದ ನೋಟಿಸ್ ಬಂದಿದೆ. ಒಂದೇ ಆಸ್ತಿಗೆ ಎರಡು ಕಡೆ ಕಟ್ಟಬೇಕಾ? ಅದೂ ವರ್ಷ ವರ್ಷ ಏರುತ್ತಾ ಹೋಗುವುದು ಯಾಕೆ?

ಉತ್ತರ: ಕಟ್ಟಬೇಕು. ಆದರೆ ಒಂದೇ ತೆರಿಗೆಯನ್ನು ಎರಡು ಸಲ ಕಟ್ಟುತ್ತಿದ್ದೀರಿ ಅಂತಲ್ಲ. ವಿಲೇಜ್ ಆಫೀಸಿಗೆ ಕೊಡುವುದು ನೆಲದ ತೆರಿಗೆ. ಪಂಚಾಯತು ಕೇಳುವುದು ಆ ನೆಲದ ಮೇಲೆ ನಿಂತ ಕಟ್ಟಡದ ತೆರಿಗೆ. ಮೊದಲನೆಯದು ಕಂದಾಯ ಇಲಾಖೆಯ ಮೂಲಕ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಎರಡನೆಯದು ಪಂಚಾಯತಿನ ಸ್ವಂತ ಹಣ. ನಿಮ್ಮ ವಾರ್ಡಿನ ದಾರಿದೀಪ, ಮಾರ್ಗ, ಚರಂಡಿಗೆಲ್ಲ ಅದರಲ್ಲೇ ಖರ್ಚಾಗಬೇಕು. ಕಾನೂನೂ ಬೇರೆ ಬೇರೆ. ತೀರ್ವೆಗೆ 1961ರ ಭೂ ತೆರಿಗೆ ಕಾಯ್ದೆ, ಮನೆ ತೆರಿಗೆಗೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ. ಹಾಗಾಗಿ ತೀರ್ವೆ ರಶೀದಿ ಹಿಡಿದುಕೊಂಡು ಪಂಚಾಯತಿಗೆ ಹೋದರೆ ಕೆಲಸ ಆಗುವುದಿಲ್ಲ.

ತೀರ್ವೆಯ ವಿಷಯ ಸುಲಭ, ಬೇಗ ಮುಗಿಸೋಣ. 2025ರ ಏಪ್ರಿಲ್‌ನಿಂದ ಅದನ್ನು ಒಂದೂವರೆ ಪಟ್ಟು ಮಾಡಿದ್ದಾರೆ. ಪಂಚಾಯತ್ ಪ್ರದೇಶದಲ್ಲಿ 8.1 ಆರ್, ಅಂದರೆ 20 ಸೆಂಟ್ಸ್‌ವರೆಗಿನ ಜಾಗಕ್ಕೆ ಆರ್ ಒಂದಕ್ಕೆ 7.50 ರೂಪಾಯಿ. ಅದಕ್ಕಿಂತ ಹೆಚ್ಚಿದ್ದರೆ 12 ರೂಪಾಯಿ. ಒಂದು ಎಕರೆ ಅಂದರೆ ಸುಮಾರು 40 ಆರ್. ಲೆಕ್ಕ ಹಾಕಿದರೆ ಎಕರೆಗೆ ಐನೂರರ ಒಳಗೇ ಬರುತ್ತದೆ. ಇದರಲ್ಲಿ ತಕರಾರು ಬರುವುದು ಕಡಿಮೆ. ನಿಜವಾದ ಗೊಂದಲ ಇರುವುದು ಮನೆಯ ತೆರಿಗೆಯಲ್ಲಿ.

ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು ಅನ್ನುವ ಅಂದಾಜಿನ ಮೇಲೆ ಹಿಂದೆ ತೆರಿಗೆ ಹಾಕುತ್ತಿದ್ದರು. 2011ರ ನಿಯಮಗಳು ಬಂದ ಮೇಲೆ ಅದು ಹೋಯಿತು. ಈಗ ಎಲ್ಲ ಲೆಕ್ಕವೂ ತಳ ವಿಸ್ತೀರ್ಣದ ಮೇಲೆ. ಚದರ ಮೀಟರಿಗೆ ಇಷ್ಟು ಅಂತ ಮೂಲ ದರ ಇರುತ್ತದೆ. 2023ರ ಪರಿಷ್ಕರಣೆಯಲ್ಲಿ ಗ್ರಾಮ ಪಂಚಾಯತುಗಳ ವಾಸದ ಮನೆಗಳಿಗೆ, 300 ಚದರ ಮೀಟರ್‌ವರೆಗೆ, 6ರಿಂದ 10 ರೂಪಾಯಿಯ ಮಿತಿ ಇಟ್ಟರು. ಆ ಮಿತಿಯೊಳಗೆ ಎಷ್ಟು ಅಂತ ನಿಮ್ಮ ಪಂಚಾಯತು ತೀರ್ಮಾನಿಸುತ್ತದೆ. ಆದ್ದರಿಂದ ನಿಮ್ಮ ಎಣ್ಮಕಜೆ ಪಂಚಾಯತಿನ ದರವೂ ಪಕ್ಕದ ಬದಿಯಡ್ಕದ ದರವೂ ಒಂದೇ ಆಗಿರಬೇಕಾಗಿಲ್ಲ. ಕಾಸರಗೋಡು ನಗರಸಭೆಯ ನೆಂಟರ ರಶೀದಿಯ ಜೊತೆ ಹೋಲಿಸಲು ಹೋದರೆ ಸುಮ್ನೆ ತಲೆಬಿಸಿ. ಅಲ್ಲಿಯ ಮಿತಿಯೇ ಬೇರೆ.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಮನೆ ಹಳತು ಹೊಸತು ಎಲ್ಲ ಸೇರಿ 1,200 ಚದರ ಅಡಿ ಅಂತ ಇಟ್ಟುಕೊಳ್ಳಿ. ಅದನ್ನು 10.764ರಿಂದ ಭಾಗಿಸಿದರೆ ಸುಮಾರು 111.5 ಚದರ ಮೀಟರ್. ಪಂಚಾಯತಿನ ದರ 8 ರೂಪಾಯಿ ಆದರೆ 892 ರೂಪಾಯಿ. ಇದರ ಮೇಲೆ ಗ್ರಂಥಾಲಯ ಸೆಸ್ ಶೇ. 5, ಅಂದರೆ 44.60. ಒಟ್ಟು 936.60 ರೂಪಾಯಿ. ಇದನ್ನು ಎರಡು ಅರ್ಧ ವರ್ಷಕ್ಕೆ ಹಂಚಿ ಕೇಳುತ್ತಾರೆ.

ನೋಟಿಸಿನಲ್ಲಿರುವ ಸಂಖ್ಯೆ ಇಷ್ಟು ನೇರವಾಗಿ ಬಂದಿರುವುದಿಲ್ಲ. ಮೂಲ ದರಕ್ಕೆ ಕೂಡಿಸುವುದು, ಕಳೆಯುವುದು ಕೆಲವಿವೆ. ಮನೆ ಪೇಟೆಯ ವಲಯದಲ್ಲಿದೆಯಾ, ಒಳಗಡೆಯಾ? ಅಂಗಳದವರೆಗೆ ಮಾರ್ಗ ಇದೆಯಾ, ಇದ್ದರೆ ಎಷ್ಟು ಅಗಲ? ಮಾಡು ಹೆಂಚಿನದಾ, ಕಾಂಕ್ರೀಟಾ? ನೆಲಕ್ಕೆ ಗ್ರಾನೈಟ್ ಹಾಕಿದ್ದೀರಾ? ಏಸಿ ಇದೆಯಾ? ಮನೆಗೆ ಎಷ್ಟು ವರ್ಷ ಆಯಿತು? ಹಳೆಯ ಮನೆಗೆ ವಯಸ್ಸಿನ ರಿಯಾಯಿತಿ ಉಂಟು. ಇಲ್ಲೇ ನೀವು ಸ್ವಲ್ಪ ಕಣ್ಣಿಟ್ಟು ನೋಡಬೇಕು. ಹೆಂಚಿನ ಭಾಗವನ್ನೂ ಹೊಸ ತಾರಸಿಯನ್ನೂ ಒಟ್ಟು ಸೇರಿಸಿ ಎಲ್ಲವೂ ಹೊಸ ಕಾಂಕ್ರೀಟ್ ಕಟ್ಟಡ ಅಂತ ದಾಖಲಾಗಿದ್ದರೆ ಹಳೆಯ ಭಾಗಕ್ಕೆ ಸಿಗಬೇಕಾದ ರಿಯಾಯಿತಿ ನಿಮಗೆ ಸಿಕ್ಕಿರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದರದ ಬಗ್ಗೆ ಜಗಳ ಮಾಡಿ ಪ್ರಯೋಜನ ಇಲ್ಲ. ಅದು ಪಂಚಾಯತ್ ಸಮಿತಿ ನಿಗದಿ ಮಾಡಿದ್ದು, ಕೌಂಟರಿನಲ್ಲಿ ಕೂತವರ ಕೈಯಲ್ಲಿಲ್ಲ. ಕೇಳಬೇಕಾದ್ದು ನಿಮ್ಮ ಮನೆಯ ಅಳತೆ ಮತ್ತು ವಿವರದ ಪ್ರತಿಯನ್ನು. ರಿಜಿಸ್ಟರಿನಲ್ಲಿ ಎಷ್ಟು ಚದರ ಮೀಟರ್ ಬರೆದಿದೆ, ಮಾಡು ಯಾವುದು ಅಂತ ಇದೆ, ಕಟ್ಟಿದ ವರ್ಷ ಯಾವುದು ಅಂತ ನೋಡಿ. ಮನೆಗೆ ಬಂದು ಒಂದು ಟೇಪ್ ಹಿಡಿದು ಹೊರಗೋಡೆಯ ಉದ್ದ ಅಗಲ ಅಳೆದರೆ ತಪ್ಪಿದ್ದರೆ ಗೊತ್ತಾಗಿಯೇ ಆಗುತ್ತದೆ. ಒಳಕೋಣೆ ಅಳೆಯಬೇಡಿ. ತಳ ವಿಸ್ತೀರ್ಣದಲ್ಲಿ ಗೋಡೆಯ ದಪ್ಪವೂ ಸೇರುತ್ತದೆ.

ಇನ್ನು ವರ್ಷ ವರ್ಷ ಏರುವ ಮಾತು. 2023ರ ಏಪ್ರಿಲ್‌ನಿಂದ ಕೇರಳದಲ್ಲಿ ಕಟ್ಟಡ ತೆರಿಗೆ ಪ್ರತಿ ವರ್ಷ ಶೇ. 5ರಷ್ಟು ತಾನಾಗಿಯೇ ಏರುವ ವ್ಯವಸ್ಥೆ ಬಂದಿದೆ. ಮೊದಲೆಲ್ಲ ಹಲವು ವರ್ಷ ಒಂದೇ ಮೊತ್ತ ಇದ್ದು, ಪರಿಷ್ಕರಣೆ ಬಂದಾಗ ಒಮ್ಮೆಲೇ ಜಾಸ್ತಿಯಾಗುತ್ತಿತ್ತು. ಈಗ ಸ್ವಲ್ಪ ಸ್ವಲ್ಪವೇ. ನಿಮ್ಮ ನೋಟಿಸಿನಲ್ಲಿ ಮನೆ ಬದಲಾಗದಿದ್ದರೂ ಸಂಖ್ಯೆ ಬದಲಾಗಿರುವುದು ಇದೇ ಕಾರಣಕ್ಕೆ. ಅಡಕೆಗೆ ಧಾರಣೆ ಇಳಿದ ವರ್ಷವೂ ಇದು ಏರುತ್ತದೆ, ಏನು ಮಾಡುವುದು!

ಕಟ್ಟುವ ಗಡುವು ಎರಡು. ಮೊದಲ ಅರ್ಧದ್ದು ಸೆಪ್ಟೆಂಬರ್ 30, ಎರಡನೆಯದು ಮಾರ್ಚ್ 31. ದಾಟಿದರೆ ತಿಂಗಳ ಲೆಕ್ಕದಲ್ಲಿ ದಂಡಬಡ್ಡಿ ಬೀಳುತ್ತದೆ. ನಾಲ್ಕೈದು ವರ್ಷ ಬಿಟ್ಟವರ ನೋಟಿಸಿನಲ್ಲಿ ಬಡ್ಡಿಯ ಸಾಲೇ ಎದ್ದು ಕಾಣುತ್ತದೆ. ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್ 30ರೊಳಗೆ ಒಟ್ಟಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಅಂದರೆ ಆ ವರ್ಷದ ಏರಿಕೆ ಹೆಚ್ಚುಕಡಿಮೆ ವಜಾ ಆದಂತೆ. ಇದನ್ನು ಉಪಯೋಗಿಸಿಕೊಳ್ಳದವರೇ ಜಾಸ್ತಿ.

ಸಣ್ಣ ಮನೆಯವರಿಗೆ ಒಂದು ಮುಖ್ಯ ವಿಷಯ. 60 ಚದರ ಮೀಟರ್, ಅಂದರೆ ಸುಮಾರು 645 ಚದರ ಅಡಿಯೊಳಗಿನ ಮನೆಯಲ್ಲಿ ಮಾಲೀಕರೇ ವಾಸ ಮಾಡುತ್ತಿದ್ದರೆ ಪಂಚಾಯತ್ ತೆರಿಗೆ ಇಲ್ಲ. ಒಬ್ಬರಿಗೆ ಒಂದು ಮನೆಗೆ ಮಾತ್ರ. ಫ್ಲ್ಯಾಟಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅರ್ಜಿ ಕೊಡಬೇಕು, ತಾನಾಗಿ ಬರುವುದಿಲ್ಲ. ಸರ್ಕಾರದ ಯೋಜನೆಯಲ್ಲಿ ಮನೆ ಕಟ್ಟಿಕೊಂಡ ಎಷ್ಟೋ ಮಂದಿ ಇದರೊಳಗೆ ಬರುತ್ತಾರೆ. ನಿಮಗಲ್ಲದಿದ್ದರೂ ತೋಟದ ಕೆಲಸಕ್ಕೆ ಬರುವವರಿಗೆ ಹೇಳಿ ನೋಡಿ.

ನಮ್ಮ ಕಡೆಯ ಇನ್ನೊಂದು ದೊಡ್ಡ ಪ್ರಶ್ನೆ ತಾರಸಿಯ ಮೇಲಿನ ಶೀಟ್. ಇಲ್ಲಿಯ ಮಳೆಗೆ ತಾರಸಿ ಸೋರದೆ ಇರುವುದುಂಟಾ? ಪೈಪ್ ನಿಲ್ಲಿಸಿ ಶೀಟ್ ಹೊದೆಸದ ಮನೆ ಹುಡುಕಬೇಕು. ಸೋರಿಕೆ ತಡೆಯಲು ಹಾಕಿದ, ಸುತ್ತ ತೆರೆದೇ ಇರುವ ಶೀಟಿನ ಮಾಡಿಗೆ ಹೆಚ್ಚುವರಿ ತೆರಿಗೆ ಇಲ್ಲ ಅಂತ 2023ರಲ್ಲಿ ಸರ್ಕಾರ ಸ್ಪಷ್ಟ ಮಾಡಿತ್ತು. ಆದರೆ ಅದಕ್ಕೇ ಗೋಡೆ ಎಬ್ಬಿಸಿ, ಬಾಗಿಲಿಟ್ಟು ಕೋಣೆ ಮಾಡಿದರೆ ಅದು ಮಹಡಿಯೇ. ಅಡಕೆ ಒಣಗಿಸುತ್ತೇವೆ ಅಷ್ಟೇ ಅಂತ ಹೇಳಿದರೂ ಅಳತೆಗೆ ಸೇರುತ್ತದೆ. ನೀವು ಹಾಗೆ ಏನಾದರೂ ಮಾಡಿದ್ದರೆ ಪಂಚಾಯತಿಗೆ ನೀವೇ ತಿಳಿಸುವುದು ಒಳ್ಳೆಯದು. ಅವರೇ ಬಂದು ಪತ್ತೆ ಮಾಡಿದರೆ ದಂಡವೂ ಸೇರುತ್ತದೆ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಮೂರನೆಯ ಕಾಗದವೊಂದು ಬರಬಹುದು. ಅದು ತಾಲೂಕು ಆಫೀಸಿನಿಂದ, ತಹಶೀಲ್ದಾರರ ಹೆಸರಿನಲ್ಲಿ. ಪೆರ್ಲದವರಿಗಾದರೆ ಉಪ್ಪಳದ ಮಂಜೇಶ್ವರ ತಾಲೂಕು ಕಚೇರಿಯಿಂದ. 1975ರ ಕಟ್ಟಡ ತೆರಿಗೆ ಕಾಯ್ದೆ ಪ್ರಕಾರ 100 ಚದರ ಮೀಟರ್ ಮೀರಿದ ವಾಸದ ಮನೆಗೆ ಒಂದು ಸಲ ಮಾತ್ರ ಕಟ್ಟುವ ತೆರಿಗೆ ಇದೆ. ಪಂಚಾಯತ್ ಪ್ರದೇಶದಲ್ಲಿ 100ರಿಂದ 150 ಚದರ ಮೀಟರಿಗೆ 1,950 ರೂಪಾಯಿ. ಮೇಲೆ ಹೇಳಿದ 111.5 ಚದರ ಮೀಟರಿನ ಮನೆ ಈ ಸಾಲಿಗೇ ಬೀಳುತ್ತದೆ. ಹೊಸ ಭಾಗ ಸೇರಿಸಿದ ಮೇಲೆ ಗಡಿ ದಾಟಿದರೂ ಇದು ಬರುತ್ತದೆ. ಒಂದೇ ಗಂಟಿನಲ್ಲಿ ಕೊಡಬೇಕೆಂದಿಲ್ಲ, ಕಂತುಗಳಲ್ಲಿ ಕಟ್ಟಬಹುದು. 278.7 ಚದರ ಮೀಟರ್, ಅಂದರೆ 3,000 ಚದರ ಅಡಿ ಮೀರಿದ ಮನೆಗಳಿಗೆ ಪ್ರತಿ ವರ್ಷ ಐಷಾರಾಮಿ ತೆರಿಗೆಯೂ ಇದೆ. ಗಲ್ಫಿನಲ್ಲಿ ದುಡಿದು ದೊಡ್ಡ ಮನೆ ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲರು.

ಈ ತಾಲೂಕು ತೆರಿಗೆಯಲ್ಲಿ ಕೃಷಿಕರಿಗೆ ಅನುಕೂಲವಾದ ಒಂದು ಮಾತಿದೆ. ಮನೆಗೆ ಸೇರಿದ ಕಾರು ಶೆಡ್ಡು, ಕಟ್ಟಿಗೆ ಕೊಟ್ಟಿಗೆ, ವಾಸಕ್ಕಲ್ಲದ ಕೆಲಸಕ್ಕೆ ಬಳಸುವ ಅಂಥ ಕಟ್ಟೋಣಗಳ ವಿಸ್ತೀರ್ಣವನ್ನು ಮನೆಯ ವಿಸ್ತೀರ್ಣಕ್ಕೆ ಕೂಡಿಸಬಾರದು ಅಂತ ಕಾಯ್ದೆಯಲ್ಲೇ ಇದೆ. ಮನೆ 95 ಚದರ ಮೀಟರ್ ಇದ್ದು, ಹಿಂದಿನ ಕಟ್ಟಿಗೆ ಕೊಟ್ಟಿಗೆಯನ್ನು ಸೇರಿಸಿ 105 ಅಂತ ಬರೆದಿದ್ದರೆ ನೀವು ಆಕ್ಷೇಪ ಹೇಳಬಹುದು. ಅಳೆಯಲು ಬಂದಾಗ ಮನೆಯಲ್ಲಿ ಯಾರಾದರೂ ನಿಂತು ಯಾವುದು ಏನು ಅಂತ ತೋರಿಸಿದರೆ ಮುಂದಿನ ಅಲೆದಾಟ ಉಳಿಯುತ್ತದೆ.

ತಿಂಗಳಿಗೆ 50 ರೂಪಾಯಿ ತೆಗೆದುಕೊಂಡು ಪ್ಲಾಸ್ಟಿಕ್ ಒಯ್ಯುವ ಹಸಿರು ಕ್ರಿಯಾಸೇನೆಯವರದ್ದು ತೆರಿಗೆ ಅಲ್ಲ, ಸೇವಾ ಶುಲ್ಕ. ಆದರೂ ಅದನ್ನು ಕೊಡದೆ ಬಾಕಿ ಇಟ್ಟರೆ ಆಸ್ತಿ ತೆರಿಗೆಯ ಹಾಗೆಯೇ ವಸೂಲು ಮಾಡುವ ಅಧಿಕಾರ 2024ರ ತಿದ್ದುಪಡಿಯಲ್ಲಿ ಪಂಚಾಯತಿಗೆ ಸಿಕ್ಕಿದೆ. ನಿಮ್ಮ ಬಾಕಿಯೊಳಗೆ ಈ ಸಾಲೂ ಇದೆಯಾ ಅಂತ ನೋಡಿ.

ಇನ್ನು ಹೆಸರಿನ ಸಮಸ್ಯೆ. ತಂದೆ ತೀರಿಹೋದ ಮೇಲೆ ಜಾಗದ ಪೋಕ್ಕುವರವು, ಅಂದರೆ ಖಾತೆ ಬದಲಾವಣೆ, ಮಾಡಿಸಿ ತೀರ್ವೆ ಮಕ್ಕಳ ಹೆಸರಿಗೆ ಬಂದಿರುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಅಂತ ತಿಳಿಯುತ್ತಾರೆ. ಪಂಚಾಯತಿನ ಪುಸ್ತಕದಲ್ಲಿ ಮನೆ ಇನ್ನೂ ತಂದೆಯ ಹೆಸರಿನಲ್ಲೇ ಇರುತ್ತದೆ, ಯಾಕೆಂದರೆ ವಿಲೇಜ್ ಆಫೀಸಿನ ಬದಲಾವಣೆ ಅಲ್ಲಿಗೆ ತಾನಾಗಿ ತಲುಪುವುದಿಲ್ಲ. ಬ್ಯಾಂಕ್ ಸಾಲಕ್ಕೆ ಒಡೆತನದ ಸರ್ಟಿಫಿಕೇಟ್ ಬೇಕಾದಾಗಲೇ ಗೊತ್ತಾಗುವುದು. ಕಟ್ಟಡದ ಮಾಲೀಕತ್ವ ಬದಲಾವಣೆಗೆ ಪಂಚಾಯತಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಗಡಿಯಾಚೆ ವಿಟ್ಲ, ಸುಳ್ಯದ ನೆಂಟರು 9-11 ಅಂತ ಹೇಳುತ್ತಾರಲ್ಲ, ಅದು ಕರ್ನಾಟಕದ ಪಂಚಾಯತುಗಳು ಕೊಡುವ ಆಸ್ತಿ ನಮೂನೆ. ಆ ಕಾಗದ ಇಲ್ಲಿಲ್ಲ, ಹುಡುಕಬೇಡಿ. ಇಲ್ಲಿ ಕೆಲಸಕ್ಕೆ ಬರುವುದು ವಾರ್ಡ್ ನಂಬರ್, ಮನೆ ನಂಬರ್, ತೆರಿಗೆ ರಶೀದಿ, ಒಡೆತನದ ಸರ್ಟಿಫಿಕೇಟ್. ವಾರ್ಡ್ ಮರುವಿಂಗಡಣೆಯಾದಾಗ ಮನೆ ನಂಬರೂ ಬದಲಾಗುತ್ತದೆ. ಹಾಗಾಗಿ ಹಳೆಯ ರಶೀದಿ ಬಿಸಾಡಬೇಡಿ.

2025ರ ಏಪ್ರಿಲ್‌ನಿಂದ ಪಂಚಾಯತುಗಳೂ ಕೆ-ಸ್ಮಾರ್ಟ್‌ಗೆ, ಅಂದರೆ ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ಸೇವಾ ವ್ಯವಸ್ಥೆಗೆ, ಬಂದಿವೆ. ಮೊಬೈಲಿನಲ್ಲೇ ಬಾಕಿ ನೋಡಿ ಕಟ್ಟಬಹುದು, ಆಗದಿದ್ದರೆ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರ ಇದ್ದೇ ಇದೆ. ಹಿಂದೆ ಕೌಂಟರಿನಲ್ಲಿ ಕಟ್ಟಿದ್ದು ಕಂಪ್ಯೂಟರಿಗೆ ಏರದೆ ಬಾಕಿ ಅಂತ ತೋರಿಸುವುದೂ ಉಂಟು. ಕಾಗದದ ರಶೀದಿ ಇದ್ದರೆ ಅದನ್ನು ತೋರಿಸಿ ಸರಿಪಡಿಸಿಕೊಳ್ಳಬಹುದು. ಇಲ್ಲದಿದ್ದರೆ ವಾದ ಮಾಡುವುದು ಕಷ್ಟ.

ಈಗ ನಿಮ್ಮ ನೋಟಿಸಿಗೆ ಬರುತ್ತೇನೆ. ಅದು ಮಲಯಾಳದಲ್ಲೇ ಬಂದಿರಬೇಕು. ‘ವಸ್ತು ನಿಕುದಿ’ ಅಂತ ಇರುವ ಸಾಲೇ ಮನೆ ತೆರಿಗೆ. ಅಳತೆಯ ಬಗ್ಗೆ ಸಂಶಯ ಇದ್ದರೆ ಸೆಕ್ರೆಟರಿಯ ಹೆಸರಿಗೆ ಅರ್ಜಿ ಬರೆಯಿರಿ, ಮನೆ ನಂಬರ್ ಹಾಕಿ, ವಿಸ್ತೀರ್ಣ ಮತ್ತು ವಯಸ್ಸಿನ ರಿಯಾಯಿತಿ ಮರುಪರಿಶೀಲಿಸಬೇಕು ಅಂತ ಕೇಳಿ. ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಕನ್ನಡ ಅಲ್ಪಸಂಖ್ಯಾತರಿರುವ ಕಡೆಯ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಿಮಗಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಮೇಲ್ಮನವಿಗೆ ನೋಟಿಸಿನಲ್ಲಿ ಕೊಟ್ಟ ಗಡುವು ದಾಟುವ ಮೊದಲೇ ಕೊಡಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ತೆಗೆದುಕೊಳ್ಳಿ. ತಕರಾರಿಲ್ಲದ ವರ್ಷಗಳ ಬಾಕಿಯನ್ನು ಈಗಲೇ ಕಟ್ಟಿಬಿಡಿ, ಅಷ್ಟಕ್ಕಾದರೂ ಬಡ್ಡಿ ಏರುವುದು ನಿಲ್ಲುತ್ತದೆ.