ಕಾಡುಮೆಣಸು ಗುಡ್ಡ ಹತ್ತೀತೆ?

ಕಾಳುಮೆಣಸಿನ ತವರು ಪಶ್ಚಿಮ ಘಟ್ಟ. ಕೊಡಗಿನ ಕಾಡುಗಳಲ್ಲಿ ಅದರ ಕಾಡುಬಳ್ಳಿಗಳು ಇಂದಿಗೂ ಮರಗಳಿಗೆ ಹಬ್ಬಿವೆ. ಸೊರಗು ರೋಗವನ್ನೋ ಉದ್ದನೆಯ ಬೇಸಿಗೆಯನ್ನೋ ತಾಳುವ ಗುಣ ಬೇಕೆಂದಾಗ ತಳಿ ವಿಜ್ಞಾನಿಗಳು ಹುಡುಕಿಕೊಂಡು ಹೋಗುವುದು ಇಂಥ ಬಳ್ಳಿಗಳನ್ನೇ.

ಬಿಸಿ ಹೆಚ್ಚಿದರೆ ಸಸ್ಯಗಳು ಗುಡ್ಡ ಏರುತ್ತವೆ ಎನ್ನುತ್ತಾರೆ. ಸಾವಿರ ಮೀಟರ್ ಏರಿದರೆ ತಾಪ ಸುಮಾರು 6 ಡಿಗ್ರಿ ಇಳಿಯುತ್ತದೆ. ಅಂದರೆ 1 ಡಿಗ್ರಿ ಬಿಸಿಗೆ 150–170 ಮೀಟರ್ ಮೇಲೆ ಹೋದರೆ ಮೊದಲಿನ ತಂಪು ಸಿಗಬೇಕು. ಆದರೆ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಇರುವುದೇ 1,748 ಮೀಟರ್. ನೆತ್ತಿಯ ಮೇಲೆ ಹುಲ್ಲುಗಾವಲು, ಶೋಲಾ ಎಂಬ ಗಿಡ್ಡ ಮರಗಳ ಕಾಡೇನಿದ್ದರೂ ಗುಡ್ಡದ ಕಣಿವೆಗಳಲ್ಲಿ. ಹಬ್ಬಲು ಮರವಿಲ್ಲದ ಕಡೆ ತಂಪಿದ್ದರೆ ಬಳ್ಳಿಗೇನು ಬಂತು?

ಇದಕ್ಕಿಂತ ದೊಡ್ಡ ತೊಡಕು ಹೂವಿನಲ್ಲಿದೆ. ಪಣಿಯೂರು-1ರಂಥ ತೋಟದ ತಳಿಗಳಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಹೆಚ್ಚಾಗಿ ಒಂದೇ ಹೂವಿನಲ್ಲಿರುತ್ತವೆ. ತೆನೆಯ ಮೇಲೆ ಇಳಿಯುವ ಮಳೆನೀರೂ ಪರಾಗ ಮುಟ್ಟಿಸಬಲ್ಲದು. ಕಾಡಿನಲ್ಲಿ ಬಹುಪಾಲು ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿದ್ದರೂ ಸರಾಸರಿ ವಿಸ್ತೀರ್ಣ ಸುಮಾರು 2 ಹೆಕ್ಟೇರ್ ಮಾತ್ರ. ಅಂಥ ತುಂಡು ಕಾಡಿನಲ್ಲಿ ಬರಕ್ಕೆ ಸಿಕ್ಕಿ ಗಂಡುಬಳ್ಳಿಗಳು ಒಣಗಿದರೆ ಉಳಿದ ಹೆಣ್ಣುಬಳ್ಳಿ ವರ್ಷಗಟ್ಟಲೆ ಹಸಿರಾಗಿಯೇ ಇರುತ್ತದೆ, ಕಾಳು ಮಾತ್ರ ಕಟ್ಟುವುದಿಲ್ಲ. ಸಮೀಕ್ಷೆಯ ಪಟ್ಟಿಯಲ್ಲಿ ಅದು ‘ಇದೆ’ ಎಂದೇ ಸೇರುತ್ತದೆ! ಮಳೆ ಹಿಡಿದು ತೆನೆ ಹೊರಟ ಮೇಲೆ ಬಿಸಿಲು ಕಾದರೆ ತೆನೆಯೇ ಉದುರುವುದೂ ಉಂಟು. ಹೀಗಾಗಿ ಒಟ್ಟು ಮಳೆ ಎಷ್ಟೆನ್ನುವುದಕ್ಕಿಂತ ನಡುವೆ ಎಷ್ಟು ದಿನ ಬಿಡುವು ಕೊಟ್ಟಿತೆಂಬುದೇ ಮುಖ್ಯ.

ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಮೇಲಕ್ಕೂ ಒಯ್ದಾವು. ಆದರೆ ಬೀಜ ಒಣಗಿದರೆ ಬೇಗ ಸಾಯುತ್ತದೆ. ಭತ್ತದಂತೆ ಒಣಗಿಸಿ ಶೀತಲ ಕೋಣೆಯಲ್ಲಿ ಇಡುವಂತಿಲ್ಲ.

ಮುಂದೆ ಬಳ್ಳಿ ಎಲ್ಲಿ ಉಳಿದೀತು ಎಂದು ತೋರಿಸುವ ಕಂಪ್ಯೂಟರ್ ನಕ್ಷೆಗಳನ್ನು ಸಾಮಾನ್ಯವಾಗಿ ತಾಪ ಮತ್ತು ಮಳೆಯ 19 ಅಂಶಗಳ ಮೇಲೆ, ಸುಮಾರು 1 ಕಿ.ಮೀ. ಚೌಕಗಳಲ್ಲಿ ರಚಿಸುತ್ತಾರೆ. ಕೊಡಗಿನಲ್ಲಿ ಒಂದೇ ಚೌಕದೊಳಗೆ ಹೊಳೆಯೂ ಗುಡ್ಡದ ಏಣೂ ಇರಬಹುದು, ನಕ್ಷೆಗೆ ಎರಡೂ ಒಂದೇ. ತೋಟದಿಂದ ತಪ್ಪಿಸಿಕೊಂಡ ಬಳ್ಳಿಯನ್ನು ಕಾಡಿನದೆಂದು ಗುರುತಿಸಿದರಂತೂ ನಕ್ಷೆ ಪೂರ್ತಿ ದಾರಿ ತಪ್ಪಿತು.

ಬೀಜ ಕೂಡಿಡಲಾಗದ ಮೇಲೆ ಉಳಿಸುವುದಾದರೆ ಬಳ್ಳಿಯಾಗಿಯೇ ಉಳಿಸಬೇಕು. ಜೂನ್–ಜುಲೈನಲ್ಲಿ ಹೂ ಇರುವಾಗ ಮಸೂರದಲ್ಲಿ ನೋಡಿ ಗಂಡು, ಹೆಣ್ಣು ಎರಡಕ್ಕೂ ಗುರುತು ಕಟ್ಟಿ, ಎತ್ತರ ಬರೆದಿಟ್ಟುಕೊಳ್ಳಬೇಕು. ಹೂವಿಲ್ಲದಾಗ ಲಿಂಗ ಗೊತ್ತಾಗದು. ಅಭಯಾರಣ್ಯದಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಫೆಬ್ರವರಿ–ಮಾರ್ಚ್‌ನಲ್ಲಿ ಬುಡದಿಂದ ಹರಿಯುವ ಹಂಬನ್ನು 2–3 ಗೆಣ್ಣಿನ ತುಂಡು ಮಾಡಿ, ಎಲೆ ಸವರಿ, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ 2:1:1ರಲ್ಲಿ ಬೆರೆಸಿದ ಚೀಲದಲ್ಲಿ ನೆರಳಿನಡಿ ಊರಬೇಕು. ಒಂದೇ ಬಳ್ಳಿಯಿಂದ ನೂರು ತುಂಡು ತಂದರೂ ಅವೆಲ್ಲ ಒಂದೇ ಬಳ್ಳಿ. ಹಲವು ಬಳ್ಳಿಗಳಿಂದ ತಲಾ ನಾಲ್ಕಾರು ತುಂಡು ಸಾಕು. ಕಾಳು ಬಿಡುವ ಅಡ್ಡಕೊಂಬೆಯನ್ನು ನೆಟ್ಟರೆ ಪೊದೆಯಾಗಿ ನಿಲ್ಲುತ್ತದೆ, ಮರ ಹತ್ತುವುದಿಲ್ಲ.