ಪದ ಪರಿಚಯ: ಮೇಂಟೇನರ್

ಓಪನ್ ಸೋರ್ಸ್ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಬಹುದು. ಕಳಿಸಿದ ತಿದ್ದುಪಡಿಯನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು, ಹೊಸ ಆವೃತ್ತಿ ಬಿಡುಗಡೆ ಮಾಡುವವರು, ಭದ್ರತೆಯ ಲೋಪ ಕಂಡರೆ ಮೊದಲು ಸುದ್ದಿ ಮುಟ್ಟಬೇಕಾದವರು ಮಾತ್ರ ಕೆಲವೇ ಮಂದಿ. ಅವರೇ ಮೇಂಟೇನರ್. ಲೈಸೆನ್ಸ್ ಪ್ರಕಾರ ಕೋಡನ್ನು ಯಾರಾದರೂ ಫೋರ್ಕ್ ಮಾಡಿಕೊಂಡು, ಅಂದರೆ ನಕಲು ತೆಗೆದು ಬೇರೆಯಾಗಿ ಬೆಳೆಸಿಕೊಂಡು, ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಪೈಪಿಐ (ಪೈಥಾನ್ ಪ್ಯಾಕೇಜುಗಳ ಭಂಡಾರ) ಅಥವಾ ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಇರುವ ಹೆಸರು, ಡೊಮೇನು, ಬಿಡುಗಡೆಗೆ ಡಿಜಿಟಲ್ ಸಹಿ ಹಾಕುವ ಕೀ ಇವು ಫೋರ್ಕಿನ ಜತೆ ಹೋಗುವುದಿಲ್ಲ. ಬಳಕೆದಾರರ ನಂಬಿಕೆ ಇರುವುದು ಆ ಹೆಸರಿನಲ್ಲಿ. ಹಾಗಾಗಿ ಮೇಂಟೇನರ್ ಬದಲಾಗುವುದು ಎಂದರೆ ಆ ನಂಬಿಕೆ ಕೈ ಬದಲಾಯಿಸುವುದು.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೂಲ ಕೋಡಿನಲ್ಲಿ ಮೇಂಟೇನರ್ಸ್ ಎಂಬ ಹೆಸರಿನ ಕಡತವೇ ಇದೆ. ಒಂದೊಂದು ಭಾಗದ ಎದುರಿಗೂ ಅದರ ಸ್ಥಿತಿ ಬರೆದಿರುತ್ತಾರೆ. ಸಪೋರ್ಟೆಡ್ ಎಂದಿದ್ದರೆ ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ ಎಂದರ್ಥ. ಮೇಂಟೇನ್ಡ್ ಎಂದರೆ ನೋಡಿಕೊಳ್ಳುವವರಿದ್ದಾರೆ. ಆಡ್ ಫಿಕ್ಸಸ್ ಎಂದರೆ ಪುರುಸೊತ್ತಾದಾಗ ಮಾತ್ರ. ಆರ್ಫನ್ ಎಂದರೆ ದಿಕ್ಕಿಲ್ಲ. ಸಣ್ಣ ಪ್ರಾಜೆಕ್ಟುಗಳೂ ರೀಡ್‌ಮಿ ಎಂಬ ಪರಿಚಯದ ಕಡತದ ಮೇಲ್ಭಾಗದಲ್ಲಿ ಇಂಥದೊಂದು ಸಾಲು ಬರೆದರೆ ಬಳಕೆದಾರರಿಗೆ ದೊಡ್ಡ ಉಪಕಾರ.

ಈಗ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮುಂಬೈ, ಪುಣೆಯ ಕನ್ನಡ ಸಂಘಗಳ ಕಪಾಟಿನಲ್ಲಿ ನುಡಿ ಫಾಂಟಿನ ಹಳೆಯ ಆಸ್ಕಿ ಎನ್‌ಕೋಡಿಂಗ್‌ನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ಹೊಂದಿಸುವ ಪದ್ಧತಿ) ಟೈಪು ಮಾಡಿದ ಸ್ಮರಣ ಸಂಚಿಕೆಗಳು ಇವೆ ಎನ್ನೋಣ. ಅವನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಪದ್ಧತಿಗೆ, ತರುವ ಒಂದು ಪರಿವರ್ತಕವನ್ನು ಪುಣೆಯ ಹಿಂಜವಡಿಯಲ್ಲಿ ಕೆಲಸದಲ್ಲಿರುವ ಕನ್ನಡಿಗರೊಬ್ಬರು ಪೈಥಾನ್‌ನಲ್ಲಿ ಬರೆದು ಓಪನ್ ಸೋರ್ಸ್ ಮಾಡಿದ್ದಾರೆ. ಅವರೊಬ್ಬರೇ ಮೇಂಟೇನರ್. ಇಂಥ ಪ್ರಾಜೆಕ್ಟಿನ ಬಸ್ ಫ್ಯಾಕ್ಟರ್ ಒಂದು ಎನ್ನುತ್ತಾರೆ: ಎಷ್ಟು ಜನ ಒಮ್ಮೆಗೇ ಬಿಟ್ಟುಹೋದರೆ ಕೆಲಸ ನಿಂತುಹೋಗುತ್ತದೋ ಆ ಸಂಖ್ಯೆ. ಅವರಿಗೆ ಊರು ಬದಲಾಯಿತು, ಕೆಲಸ ಹೆಚ್ಚಾಯಿತು ಎಂದರೆ ‘ಯಾರಾದರೂ ಮುಂದುವರಿಸಿ’ ಎಂದೊಂದು ಸೂಚನೆ ಹಾಕುತ್ತಾರೆ. ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಬಾರದಿರುವುದಕ್ಕೆ ಆಸಕ್ತಿಯ ಕೊರತೆಗಿಂತ ಭಯವೇ ಹೆಚ್ಚು ಕಾರಣ: ಒಂದು ಸಾಲು ಮುಟ್ಟಿದರೆ ಇನ್ನೆಲ್ಲಿ ಏನು ಕೆಡುತ್ತದೋ ಹೊಸಬರಿಗೆ ಗೊತ್ತಾಗುವುದಿಲ್ಲ.

ಹಳೆಯ ಮೇಂಟೇನರ್‌ಗೆ ಅದು ಗೊತ್ತು. ನುಡಿ ಆಸ್ಕಿಯಲ್ಲಿ ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬೇಡ, ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇರಬೇಕು. ಉತ್ಸಾಹಿ ಹೊಸಬರೊಬ್ಬರು ‘ಕಾಣದ ಅಕ್ಷರಗಳನ್ನೆಲ್ಲ ತೆಗೆದು ಶುಚಿ ಮಾಡಿದ್ದೇನೆ’ ಎಂದು ತಿದ್ದುಪಡಿ ಕಳಿಸಿದರೆ ಸೂರ್ಯನಿಗೆ ಏನೂ ಆಗುವುದಿಲ್ಲ, ರ‍್ಯಾಂಕು ಮಾತ್ರ ಕೆಡುತ್ತದೆ. ‘ಕೋ’ ಅಕ್ಷರವನ್ನೂ ನೋಡಿ. ಯೂನಿಕೋಡ್‌ನ ಕೂಡಿಸಿದ ರೂಪದಲ್ಲಿ ಅದಕ್ಕೆ 2 ಸಂಕೇತ, ಬಿಡಿಸಿದ ರೂಪದಲ್ಲಿ 4. ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 6 ಬೈಟು ಮತ್ತು 12 ಬೈಟು. ಪರದೆಯ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ.

ಈ ತಿಳಿವಳಿಕೆ ಒಬ್ಬರ ತಲೆಯಲ್ಲಿ ಇರುವ ತನಕ ಪ್ರಾಜೆಕ್ಟನ್ನು ಹಸ್ತಾಂತರ ಮಾಡಲಾಗದು. ಅದನ್ನು ಸ್ವಯಂಚಾಲಿತ ಟೆಸ್ಟುಗಳಾಗಿ (ಕೋಡು ಸರಿಯಿದೆಯೇ ಎಂದು ಯಂತ್ರವೇ ನೋಡುವ ಪರೀಕ್ಷೆಗಳಾಗಿ) ಬರೆದಿಟ್ಟರೆ ಆಗುತ್ತದೆ. ಹೊಸ ಮೇಂಟೇನರ್ ಹುಡುಕುವ ಕೆಲಸ ಇಲ್ಲಿಂದಲೇ ಶುರುವಾಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮುಚ್ಚಿಹೋದ ಹಳೆಯ ಬಗ್ (ದೋಷ) ವರದಿಗಳಿಂದ ಆರಂಭಿಸಿ. ಒಂದೊಂದು ವರದಿಗೂ ಒಂದು ಟೆಸ್ಟ್: ಕೊಟ್ಟ ಪಠ್ಯ ಇದು, ಬರಬೇಕಾದ ಪಠ್ಯ ಇದು. ಟೆಸ್ಟಿನ ಹೆಸರಿನಲ್ಲಿ ಆ ವರದಿಯ ಸಂಖ್ಯೆ ಇರಲಿ, ಏಕೆಂದರೆ ಮುಂದೆ ಅದು ಫೇಲಾದಾಗ ಹಿನ್ನೆಲೆ ಓದಲು ಸಿಗುತ್ತದೆ. ಈ ಜೋಡಿಗಳನ್ನು ಕೋಡಿನೊಳಗೆ ಹುದುಗಿಸುವ ಬದಲು ಸಿಎಸ್‌ವಿ ಕಡತದಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಇಡಿ. ಅದರಿಂದ ಇನ್ನೊಂದು ಬಾಗಿಲು ತೆರೆಯುತ್ತದೆ. ಮುಂಬೈಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಹುಡುಗ ಹುಡುಗಿಯರಿಗೆ ಪೈಥಾನ್ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಕನ್ನಡ ಓದುವುದು ಕಷ್ಟ. ಇತ್ತ ಡಿಟಿಪಿ ಮಾಡಿ ಪಳಗಿದವರಿಗೆ, ಕರಡು ತಿದ್ದುವವರಿಗೆ ಒತ್ತಕ್ಷರದ ತಪ್ಪು ಒಂದೇ ನೋಟಕ್ಕೆ ಸಿಗುತ್ತದೆ, ಕೋಡ್ ಬರದು. ಸಿಎಸ್‌ವಿಯಲ್ಲಿ ಸಾಲು ಸೇರಿಸಲು ಕೋಡ್ ಬರಬೇಕಿಲ್ಲ. ಸಂಘದ ಕೋಣೆಯಲ್ಲಿ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಒಂದು ಮಧ್ಯಾಹ್ನದಲ್ಲಿ ಒಳ್ಳೆಯ ಟೆಸ್ಟು ಪಟ್ಟಿ ಸಿದ್ಧವಾಗುತ್ತದೆ.

ಟೆಸ್ಟು ಬರೆದರೆ ಸಾಲದು, ಯಾರೂ ನೆನಪಿಸದೆ ಅದು ಓಡಬೇಕು. ಇದಕ್ಕೆ ಸಿಐ (ಕಂಟಿನ್ಯುಯಸ್ ಇಂಟಿಗ್ರೇಷನ್) ಎನ್ನುತ್ತಾರೆ. ಪುಲ್ ರಿಕ್ವೆಸ್ಟ್, ಅಂದರೆ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಬಂದ ಕೂಡಲೇ ಕೋಡ್ ಇಡುವ ತಾಣಗಳ ಗಿಟ್‌ಹಬ್ ಆಕ್ಷನ್ಸ್ ಅಥವಾ ಗಿಟ್‌ಲ್ಯಾಬ್ ಸಿಐ ಖಾಲಿ ಯಂತ್ರವೊಂದನ್ನು ಎಬ್ಬಿಸಿ, ಕೋಡ್ ಇಳಿಸಿಕೊಂಡು, ಅವಲಂಬನೆಗಳನ್ನು (ಕೋಡಿಗೆ ಬೇಕಾದ ಇತರ ಪ್ಯಾಕೇಜುಗಳನ್ನು) ಹಾಕಿ ಟೆಸ್ಟು ಓಡಿಸುತ್ತದೆ. ಮುಖ್ಯ ಬ್ರಾಂಚಿಗೆ (ಕೋಡಿನ ಅಧಿಕೃತ ಪ್ರತಿಗೆ) ಬ್ರಾಂಚ್ ಪ್ರೊಟೆಕ್ಷನ್ ಹಾಕಿ: ಟೆಸ್ಟು ಪಾಸಾಗದೆ ಮರ್ಜ್ (ಸೇರ್ಪಡೆ) ಇಲ್ಲ, ಹಳೆಯ ಮೇಂಟೇನರ್‌ಗೂ ಇಲ್ಲ. ಎಲ್ಲವೂ ಹತ್ತು ನಿಮಿಷದೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಅದಕ್ಕಿಂತ ತಡವಾದರೆ ತಿದ್ದುಪಡಿ ಕಳಿಸಿದವರು ಬೇರೆ ಕೆಲಸಕ್ಕೆ ಎದ್ದುಹೋಗುತ್ತಾರೆ. ಕವರೇಜ್, ಅಂದರೆ ಕೋಡಿನ ಎಷ್ಟು ಭಾಗವನ್ನು ಟೆಸ್ಟು ಮುಟ್ಟುತ್ತದೆ ಎಂಬ ಶೇಕಡಾವಾರಿನ ಹಿಂದೆ ಓಡುವುದು ಬೇಡ. ಒಮ್ಮೆ ಕೆಟ್ಟದ್ದು ಮತ್ತೆ ಕೆಡದಿದ್ದರೆ ಆರಂಭಕ್ಕೆ ಅಷ್ಟು ಸಾಕು.

ಇಲ್ಲಿ ಹೆಚ್ಚಾಗಿ ಎಡವುವುದು ಫ್ಲೇಕಿ ಟೆಸ್ಟುಗಳಿಂದ, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸು, ಒಮ್ಮೆ ಫೇಲು ಆಗುವವು. ಸಿಐ ಯಂತ್ರದ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ಪುಣೆಯ ಲ್ಯಾಪ್‌ಟಾಪು ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘ಇವತ್ತಿನ ದಿನಾಂಕ’ವನ್ನು ಹೋಲಿಸುವ ಟೆಸ್ಟು ಹಗಲಿಡೀ ಪಾಸಾಗಿ, ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ಬೀಳುವುದು ಇದರಿಂದ. ಟೆಸ್ಟಿನೊಳಗೆ ದಿನಾಂಕವನ್ನು ಕಟ್ಟಿಹಾಕಿ, ನೆಟ್‌ವರ್ಕ್ ಕರೆಗಳನ್ನು ತೆಗೆದುಹಾಕಿ. ಬಿದ್ದ ಟೆಸ್ಟನ್ನು ಮೂರು ಸಲ ಮತ್ತೆ ಓಡಿಸುವ ವ್ಯವಸ್ಥೆ ಮಾತ್ರ ಬೇಡವೇ ಬೇಡ. ಕೆಂಪು ಗುರುತನ್ನು ಲೆಕ್ಕಿಸದಿರುವುದು ಒಮ್ಮೆ ಅಭ್ಯಾಸವಾದರೆ ನಿಜವಾದ ತಪ್ಪೂ ದಾಟಿಹೋಗುತ್ತದೆ.

ಇನ್ನೊಂದು ಹೊಡೆತ ಸದ್ದಿಲ್ಲದೆ ಬೀಳುತ್ತದೆ. ಅವಲಂಬನೆಗಳು ಬದಲಾದವೇ ಎಂದು ನೋಡಲು ವಾರಕ್ಕೊಮ್ಮೆ ಟೆಸ್ಟು ಓಡಿಸುವ ವೇಳಾಪಟ್ಟಿ ಇಟ್ಟಿರುತ್ತೇವೆ. ಸಾರ್ವಜನಿಕ ರೆಪೊದಲ್ಲಿ (ಕೋಡ್ ಇಟ್ಟಿರುವ ಭಂಡಾರದಲ್ಲಿ) 60 ದಿನ ಚಟುವಟಿಕೆ ಇಲ್ಲದಿದ್ದರೆ ಗಿಟ್‌ಹಬ್ ಈ ವೇಳಾಪಟ್ಟಿಯನ್ನು ತಾನಾಗಿ ನಿಲ್ಲಿಸಿಬಿಡುತ್ತದೆ. ಮೇಂಟೇನರ್ ಇಲ್ಲದೆ ಸೊರಗುತ್ತಿರುವ ಪ್ರಾಜೆಕ್ಟಿಗೇ ಈ ಕಾವಲು ತಪ್ಪುವುದು.

ಟೆಸ್ಟುಗಳು ಸಿದ್ಧವಾದ ಮೇಲೆ ಜನರನ್ನು ಕರೆಯಿರಿ. ಮೊದಲು ನೋಡಬೇಕಾದದ್ದು ಈಗಾಗಲೇ ಎರಡು ಮೂರು ತಿದ್ದುಪಡಿ ಕಳಿಸಿದವರನ್ನು, ಬಗ್ ವರದಿಯನ್ನು ಅಚ್ಚುಕಟ್ಟಾಗಿ ಬರೆದವರನ್ನು. ಅವರಿಗೆ ನೇರವಾಗಿ, ಹೆಸರು ಹಿಡಿದು ಬರೆಯಿರಿ. ಮುಂಬೈ, ಪುಣೆಯಲ್ಲಿ ಓಪನ್ ಸೋರ್ಸ್ ಆಸಕ್ತರ ಸಂಸ್ಥೆಯಾದ ಫಾಸ್ ಯುನೈಟೆಡ್‌ನ ಮೀಟಪ್‌ಗಳು ನಡೆಯುತ್ತವೆ. ಪುಣೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಳಗಾವಿ, ವಿಜಯಪುರ ಕಡೆಯ ವಿದ್ಯಾರ್ಥಿಗಳಿದ್ದಾರೆ. ಕರೆಯಲ್ಲಿ ಕೆಲಸದ ಅಳತೆ ಇರಲಿ, ಹೀಗೆ:

‘ನುಡಿ–ಯೂನಿಕೋಡ್ ಪರಿವರ್ತಕಕ್ಕೆ ಇನ್ನಿಬ್ಬರು ಮೇಂಟೇನರ್ ಬೇಕಾಗಿದ್ದಾರೆ. ವಾರಕ್ಕೆ ಎರಡು ಗಂಟೆ ಸಾಕು. ಮೊದಲ ಮೂರು ತಿಂಗಳು ಬಗ್ ವರದಿಗಳನ್ನು ವಿಂಗಡಿಸುವುದು, ಟೆಸ್ಟು ಸೇರಿಸುವುದು. ಪೈಥಾನ್ ಗೊತ್ತಿರಲಿ, ನುಡಿ ಎನ್‌ಕೋಡಿಂಗ್ ನಾವು ಹೇಳಿಕೊಡುತ್ತೇವೆ. ಬಿಡುಗಡೆಯ ಹಕ್ಕು, ಎರಡು ಆವೃತ್ತಿಗಳನ್ನು ಜತೆಯಾಗಿ ಬಿಡುಗಡೆ ಮಾಡಿದ ಮೇಲೆ.’

ಕೊನೆಯ ಸಾಲನ್ನು ಬಿಡಬೇಡಿ. 2018ರಲ್ಲಿ ಎನ್‌ಪಿಎಂನ ಇವೆಂಟ್-ಸ್ಟ್ರೀಮ್ ಪ್ಯಾಕೇಜನ್ನು, ನೆರವಾಗುತ್ತೇನೆಂದು ಮೇಲ್ ಮಾಡಿದ ಅಪರಿಚಿತರಿಗೆ ಒಪ್ಪಿಸಲಾಯಿತು. ಬಿಟ್‌ಕಾಯಿನ್ ವಾಲೆಟ್ಟಿನಿಂದ ಕದಿಯುವ ಕೋಡ್ ಅದರ ಮೂಲಕ ಒಳಸೇರಿತು. ಕಡತ ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ತಂತ್ರಾಂಶದ್ದು ಇನ್ನೂ ಕಠಿಣವಾದ ಪಾಠ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಒಳ್ಳೆಯ ತಿದ್ದುಪಡಿ ಕಳಿಸಿ ಸಹ ಮೇಂಟೇನರ್ ಆದರು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಬಂತು. ದೂರದ ಯಂತ್ರವನ್ನು ಸೇರುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಗಮನಿಸಿ ಬೆನ್ನುಹತ್ತದಿದ್ದರೆ ಅದು ಎಲ್ಲೆಡೆ ಹರಡುತ್ತಿತ್ತು. ಆ ಕೋಡನ್ನು ಬಚ್ಚಿಟ್ಟಿದ್ದು ಟೆಸ್ಟು ಕಡತಗಳಲ್ಲೇ: ಕುಗ್ಗಿಸುವ ತಂತ್ರಾಂಶದ ಟೆಸ್ಟಿಗೆ ಬೇಕಾದ ಬೈನರಿ ಮಾದರಿಗಳೆಂಬ ನೆಪದಲ್ಲಿ. ಅದನ್ನು ಎಬ್ಬಿಸುವ ಸ್ಕ್ರಿಪ್ಟು ಬಿಡುಗಡೆಯ ಟಾರ್ ಕಡತದಲ್ಲಿ (ಹಂಚುವ ಕೋಡಿನ ಕಟ್ಟಿನಲ್ಲಿ) ಇತ್ತು, ಗಿಟ್ ರೆಪೊದಲ್ಲಿ ಇರಲಿಲ್ಲ.

ಇದರಿಂದ ಎರಡು ನಿಯಮ. ಟೆಸ್ಟು ಮಾದರಿಗಳು ಓದಲು ಬರುವ ಪಠ್ಯವಾಗಿರಲಿ, ಬೈನರಿ ಬೇಕೇ ಬೇಕಾದರೆ ಅದನ್ನು ತಯಾರಿಸುವ ಸ್ಕ್ರಿಪ್ಟನ್ನೇ ರೆಪೊದಲ್ಲಿಡಿ. ಬಿಡುಗಡೆಯನ್ನು ಯಾರ ಲ್ಯಾಪ್‌ಟಾಪಿನಿಂದಲೂ ಮಾಡಬೇಡಿ, ಆವೃತ್ತಿಯ ಟ್ಯಾಗ್ (ಗುರುತು) ಹಾಕಿದಾಗ ಸಿಐ ಮಾಡಲಿ. ಪೈಪಿಐ 2023ರಲ್ಲಿ ತಂದ, ನೋಂದಾಯಿಸಿದ ರೆಪೊದ ಸಿಐಯನ್ನೇ ನಂಬಿ ಪ್ಯಾಕೇಜು ಸ್ವೀಕರಿಸುವ ಟ್ರಸ್ಟೆಡ್ ಪಬ್ಲಿಷಿಂಗ್ ಬಳಸಿದರೆ ಪಾಸ್‌ವರ್ಡನ್ನಾಗಲಿ ಶಾಶ್ವತ ಟೋಕನ್ನನ್ನಾಗಲಿ ಕೈಯಿಂದ ಕೈಗೆ ದಾಟಿಸುವ ಪ್ರಸಂಗವೇ ಬರುವುದಿಲ್ಲ.

ಹಕ್ಕನ್ನು ಹಂತಹಂತವಾಗಿ ಕೊಡಿ. ಗಿಟ್‌ಹಬ್‌ನಲ್ಲಿ ವೈಯಕ್ತಿಕ ಖಾತೆಯ ರೆಪೊಗೆ ಈ ಹಂತಗಳಿಲ್ಲ, ಮೊದಲು ಅದನ್ನು ಒಂದು ಆರ್ಗನೈಸೇಶನ್ ಅಡಿಗೆ ವರ್ಗಾಯಿಸಬೇಕು. ಆಗ ರೀಡ್, ಟ್ರಯೇಜ್, ರೈಟ್, ಮೇಂಟೇನ್, ಅಡ್ಮಿನ್ ಎಂಬ ಐದು ಪಾತ್ರಗಳು ಸಿಗುತ್ತವೆ. ಟ್ರಯೇಜ್ ಇದ್ದವರು ವರದಿಗಳಿಗೆ ಲೇಬಲ್ ಹಚ್ಚಬಹುದು, ಮುಚ್ಚಬಹುದು, ಕೋಡಿಗೆ ಕೈ ಹಚ್ಚಲಾಗದು. ಹೊಸಬರು ಅಲ್ಲಿಂದ ಶುರುಮಾಡಲಿ. ವರ್ಗಾವಣೆಯಾದ ಮೇಲೆ ಹಳೆಯ ಕೊಂಡಿಗಳು ತಾವಾಗಿ ಹೊಸ ಜಾಗಕ್ಕೆ ಕರೆದೊಯ್ಯುತ್ತವೆ, ಆದರೆ ಟ್ರಸ್ಟೆಡ್ ಪಬ್ಲಿಷಿಂಗ್‌ನಲ್ಲಿ ಹಳೆಯ ಖಾತೆಯ ಹೆಸರೇ ಉಳಿದಿರುತ್ತದೆ. ಅದನ್ನು ತಿದ್ದದಿದ್ದರೆ ಹೊಸಬರ ಮೊದಲ ಬಿಡುಗಡೆಯೇ ಫೇಲಾಗುತ್ತದೆ. ಆರ್ಗನೈಸೇಶನ್‌ಗೂ ಪೈಪಿಐ ಪ್ಯಾಕೇಜಿಗೂ ಇಬ್ಬಿಬ್ಬರು ಓನರ್‌ಗಳಿರಲಿ. ಡೊಮೇನ್ ನವೀಕರಣ ಯಾರ ಕಾರ್ಡಿನಿಂದ ಆಗುತ್ತಿದೆ ಎಂಬುದನ್ನೂ ಬರೆದಿಡಿ, ಬಹಳ ಜನ ಮರೆಯುವುದು ಅದನ್ನೇ.

ಮೊದಲ ಬಿಡುಗಡೆಯನ್ನು ಹಳೆಯವರು ಮಾಡಲಿ, ಹೊಸಬರು ಪಕ್ಕದಲ್ಲಿ ಕೂತು ನೋಡುತ್ತ ಹಂತಗಳನ್ನು ಬರೆದುಕೊಳ್ಳಲಿ. ಎರಡನೆಯದನ್ನು ಹೊಸಬರು ಆ ಬರಹವನ್ನೇ ನೋಡಿಕೊಂಡು ಮಾಡಲಿ, ಹಳೆಯವರು ಕೇಳಿದ್ದಕ್ಕೆ ಮಾತ್ರ ಉತ್ತರಿಸಲಿ. ಎಲ್ಲಿ ತಡವರಿಸಿದರೋ ಅಲ್ಲಿ ಬರಹ ಅಪೂರ್ಣ, ಆಗಲೇ ತಿದ್ದಬೇಕು. ಆಮೇಲೆ ಹಳೆಯ ಮೇಂಟೇನರ್‌ನ ಹೆಸರನ್ನು ‘ಎಮೆರಿಟಸ್’ (ಗೌರವದ ನಿವೃತ್ತರು) ಪಟ್ಟಿಗೆ ಸೇರಿಸಿ ಅವರ ಬರೆಯುವ ಹಕ್ಕನ್ನು ತೆಗೆಯುವುದು ವಾಡಿಕೆ; ಬಳಸದ ಖಾತೆ ಕಳ್ಳರ ಕೈಗೆ ಸಿಕ್ಕರೂ ಪ್ರಾಜೆಕ್ಟಿಗೆ ತೊಂದರೆಯಾಗದಿರಲಿ ಎಂದು. ಆರು ತಿಂಗಳಾದರೂ ಯಾರೂ ಸಿಗದಿದ್ದರೆ ರೀಡ್‌ಮಿಯಲ್ಲಿ ಮೇಂಟೇನರ್ ಇಲ್ಲವೆಂದು ಬರೆದು, ರೆಪೊವನ್ನು ಆರ್ಕೈವ್ ಮಾಡಿ. ಆರ್ಕೈವ್ ಆದದ್ದನ್ನು ಓದಬಹುದು, ಫೋರ್ಕ್ ಮಾಡಬಹುದು, ಓನರ್ ಬೇಕೆಂದಾಗ ಮತ್ತೆ ತೆರೆಯಲೂಬಹುದು.